ಸಕಾರಣವಾಗಿ ಮುಂದೂಡಲಾಗಿದೆ

ಮತ ಹಾಕಿ ಬಂದವರ ಬೆರಳಿನ ಮೇಲೆ ವಾರಗಟ್ಟಲೆ ಉಳಿಯುವ ಆ ಕಪ್ಪು ಗೆರೆ ನಮ್ಮ ಮೈಸೂರಿನದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಮತದಾರರಿಗೆಲ್ಲ ಶಾಯಿ ಅಲ್ಲಿಂದಲೇ ಹೋಗುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ಹೊರದೇಶಗಳಿಗೂ ಹೋಗಿದೆ. ದಶಕಗಳ ಅಂತರ್ಯುದ್ಧ ಮುಗಿಸಿ ಎದ್ದ ಕಾಂಬೋಡಿಯಾದ ಮತದಾರನಿಗೂ ಮೈಸೂರಿನ ಶಾಯಿ ತಾಗಿದೆ.

ಇನ್ನು ಪಶ್ಚಿಮ ಬೆಂಗಳೂರಿನ ವಿಜಯನಗರದ, ರಾಜಾಜಿನಗರದ, ಬಸವೇಶ್ವರನಗರದ, ಕೆಂಗೇರಿಯ ಮತದಾರರ ಲೆಕ್ಕ ನೋಡೋಣ. 2015ರ ಆಗಸ್ಟ್ 22ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಮತದಾನವಾಯಿತು. ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ಇವರ ಬೆರಳಿಗೆ ಶಾಯಿ ಬಿದ್ದದ್ದು 2018ರಲ್ಲಿ, 2019ರಲ್ಲಿ, 2023ರಲ್ಲಿ, 2024ರಲ್ಲಿ. ವಿಧಾನಸಭೆಯ ಎರಡು, ಲೋಕಸಭೆಯ ಎರಡು ಸಾರ್ವತ್ರಿಕ ಚುನಾವಣೆಗಳಲ್ಲಿ. ತಮ್ಮ ಬೀದಿಯ ಚರಂಡಿ, ದೀಪ, ಕಸ, ಪಾರ್ಕು ನೋಡಿಕೊಳ್ಳುವ ಸಭೆಗೆ ಒಂದು ಸಲವೂ ಇಲ್ಲ. 2015ರಲ್ಲಿ ಹದಿನೇಳು ವರ್ಷದವಳಾಗಿದ್ದು, ಮತದ ಹಕ್ಕಿಗೆ ಒಂದೇ ವರ್ಷ ಕಡಿಮೆ ಬಿದ್ದಿದ್ದ ಹುಡುಗಿ ಈಗ ಮಗುವನ್ನು ಎತ್ತಿಕೊಂಡು ತನ್ನ ಬೀದಿಯ ಮುರಿದ ಫುಟ್‌ಪಾತಿನ ಮೇಲೆಯೇ ನಡೆಯುತ್ತಿರಬಹುದು. ಆ ಫುಟ್‌ಪಾತಿನ ಬಗ್ಗೆ ಮತ ಹಾಕುವ ಸಂದರ್ಭ ಆ ಹತ್ತು ವರ್ಷಗಳಲ್ಲಿ ಅವಳಿಗೆ ಬರಲೇ ಇಲ್ಲ. ಶಾಯಿ ತಯಾರಾಗುವ ಮೈಸೂರಿನ ಕಥೆಯೂ ಬೇರೆಯಲ್ಲ. ಅಲ್ಲಿನ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು, ಅಲ್ಲಿಗೂ ಆಡಳಿತಾಧಿಕಾರಿ ಬಂದರು.

ನನಗೆ ಕೊಟ್ಟಿರುವ ವಿಷಯ ದೊಡ್ಡದು: ಪ್ರಜಾಪ್ರಭುತ್ವವನ್ನು ಕಟ್ಟುವ, ಕಟ್ಟಿದ್ದನ್ನು ಉಳಿಸಿಕೊಳ್ಳುವ ಸವಾಲುಗಳು. ಜಗತ್ತಿನ ಸವಾಲು ಅಂದಕೂಡಲೇ ನಮ್ಮ ಕಣ್ಣೆದುರು ಬರುವುದು ಸೇನೆಯ ಟ್ಯಾಂಕುಗಳು. 2021ರ ಫೆಬ್ರುವರಿ ಒಂದರ ಬೆಳಿಗ್ಗೆ ಮ್ಯಾನ್ಮಾರಿನಲ್ಲಿ ಹಾಗೇ ಆಯಿತು. ನಮ್ಮಲ್ಲೂ 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ಆ ಜಾಗ ಈಗ ಫ್ರೀಡಂ ಪಾರ್ಕ್. ಆ ಬಗೆಯ ಪೆಟ್ಟು ಬಿದ್ದರೆ ಸದ್ದಾಗುತ್ತದೆ, ಸದ್ದಾದರೆ ಎಚ್ಚರವಾಗುತ್ತದೆ. ಸದ್ದಿನ ಪೆಟ್ಟಿಗೆ ಔಷಧ ಕಂಡುಹಿಡಿಯುವುದರಲ್ಲಿ ಕರ್ನಾಟಕದ ಪಾಲೂ ಇದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಬಹುಮತ ತೀರ್ಮಾನವಾಗಬೇಕಾದ್ದು ಸದನದ ನೆಲದ ಮೇಲೆಯೇ ಹೊರತು ರಾಜಭವನದಲ್ಲಲ್ಲ ಎಂದಿತು. ಅಲ್ಲಿಂದೀಚೆಗೆ ರಾಜ್ಯ ಸರ್ಕಾರಗಳನ್ನು ಮನಸ್ಸು ಬಂದ ಹಾಗೆ ಕಿತ್ತೆಸೆಯುವುದು ಕಷ್ಟವಾಯಿತು.

ನಾನು ಇವತ್ತು ಹೇಳಬೇಕೆಂದಿರುವುದು ಸದ್ದಿಲ್ಲದ ಬಗೆ. ಅದರಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ, ಯಾವ ಪತ್ರಿಕೆಯೂ ಮುಚ್ಚುವುದಿಲ್ಲ. ಒಂದು ಅವಧಿ ಮುಗಿಯುತ್ತದೆ, ಚುನಾವಣೆ ಮುಂದಕ್ಕೆ ಹೋಗುತ್ತದೆ, ಖಾಲಿಯಾದ ಕುರ್ಚಿಯಲ್ಲಿ ಒಬ್ಬ ಹಿರಿಯ ಅಧಿಕಾರಿ ಬಂದು ಕೂರುತ್ತಾರೆ. ಮುಂದಕ್ಕೆ ಹೋಗುವುದಕ್ಕೆ ಕಾರಣವಿರುತ್ತದೆ. ಪ್ರತಿ ಸಲವೂ ಒಳ್ಳೆಯ ಕಾರಣವೇ.

ಇದು ಅರ್ಥವಾಗಬೇಕಾದರೆ ಕೆಂಗೇರಿಯಿಂದ ಶುರುಮಾಡುವುದು ಒಳ್ಳೆಯದು. ಪಶ್ಚಿಮ ಬೆಂಗಳೂರಿನ ಉಳಿದ ಭಾಗಗಳಿಗೂ ಕೆಂಗೇರಿಗೂ ಒಂದು ವ್ಯತ್ಯಾಸವಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಇವೆಲ್ಲ ಬಡಾವಣೆಗಳು. ಮೊದಲು ನಕ್ಷೆ ಬಂತು, ಆಮೇಲೆ ಸೈಟು, ಆಮೇಲೆ ಜನ. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ನೀರಿಗೆ ಜಲಮಂಡಳಿ, ಬಸ್ಸಿಗೆ ಸಾರಿಗೆ ಸಂಸ್ಥೆ. ಇವುಗಳಲ್ಲಿ ಯಾವುದನ್ನೂ ನಡೆಸುವವರು ಊರಿನ ಮತದಿಂದ ಬಂದವರಲ್ಲ. ಅರ್ಜಿ ಹಾಕಿ, ಕಾದು, ಹಂಚಿಕೆ ಪತ್ರ ಹಿಡಿದುಕೊಂಡು ಬಂದ ನಮ್ಮ ಹಿರಿಯರು ಮೊದಲು ಸೈಟುದಾರರಾದರು, ನಾಗರಿಕರಾದದ್ದು ಆಮೇಲೆ. ಊರು ಅಂದರೆ ಅಧಿಕಾರಿಗಳು ಕಟ್ಟಿ ಕೊಡುವ ವಸ್ತು ಎಂಬ ಭಾವನೆ ನಮ್ಮ ಕಡೆಯ ಗೋಡೆಗಳಲ್ಲೇ ಸೇರಿಕೊಂಡಿದೆ. ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಎಂಜಿನಿಯರನ್ನು ಹುಡುಕುತ್ತೇವೆ, ಪ್ರತಿನಿಧಿಯನ್ನಲ್ಲ.

ಕೆಂಗೇರಿ ಹಾಗಲ್ಲ. ಮೈಸೂರು ರಸ್ತೆಯ ಮೇಲೆ ಬೆಂಗಳೂರಿಗಿಂತ ಬೇರೆಯಾಗಿಯೇ ಬೆಳೆದ ಊರು ಅದು. ಕೋಟೆ ಬೀದಿ, ಕೆರೆ, ಸಂತೆ ಎಲ್ಲ ಇದ್ದ ಊರಿಗೆ ತನ್ನದೇ ಪುರಸಭೆ ಇತ್ತು. 2007ರ ಜನವರಿಯಲ್ಲಿ ಸರ್ಕಾರ ಬೃಹತ್ ಬೆಂಗಳೂರನ್ನು ರಚಿಸಿದಾಗ, ನೂರು ವಾರ್ಡುಗಳ ಹಳೆಯ ಪಾಲಿಕೆಯ ಜೊತೆ ಏಳು ನಗರಸಭೆಗಳು, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿಕೊಂಡವು. ಆ ಒಂದೇ ಒಂದು ಪುರಸಭೆ ಕೆಂಗೇರಿಯದು. ಕಾರಣವೇನೋ ಒಳ್ಳೆಯದೇ: ಸುತ್ತಲಿನ ಊರುಗಳಿಗೂ ರಸ್ತೆ, ಒಳಚರಂಡಿ, ಕಾವೇರಿ ನೀರು ಸಿಗಲಿ, ಅವು ಮಹಾನಗರದ ಭಾಗವಾಗಲಿ. ಅದನ್ನು ಬೇಡವೆನ್ನುವವರು ಯಾರು?

ಆದರೆ ಹಳೆಯ ಬೆಂಗಳೂರು ಪಾಲಿಕೆಯ ಅವಧಿ 2006ರ ನವೆಂಬರಿನಲ್ಲೇ ಮುಗಿದಿತ್ತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ವಿಲೀನದ ನಂತರದ ಮೂರು ವರ್ಷಕ್ಕೂ ಹೆಚ್ಚು ಕಾಲ ಕೆಂಗೇರಿಗೆ ತನ್ನ ಪುರಸಭೆಯೂ ಇರಲಿಲ್ಲ, ಬೆಂಗಳೂರಿನಲ್ಲಿ ಪ್ರತಿನಿಧಿಯೂ ಇರಲಿಲ್ಲ. ಪುರಸಭೆಯ ಸದಸ್ಯನೆಂದರೆ ಬೀದಿಯ ಮನುಷ್ಯ. ಬೆಳಿಗ್ಗೆ ಹಾಲು ತರಲು ಹೋದಾಗ ಸಿಗುತ್ತಾನೆ, ಮದುವೆ ಮನೆಯಲ್ಲಿ ಸಿಗುತ್ತಾನೆ. ಬೈಯಬೇಕೆಂದರೆ ಮನೆ ಬಾಗಿಲು ಗೊತ್ತು. ಅಂಥ ಹಲವರು ಕೂರುತ್ತಿದ್ದ ಊರಿನ ಹೆಸರು 2010ರಲ್ಲಿ 198 ವಾರ್ಡುಗಳ ಪಟ್ಟಿಯಲ್ಲಿ ಒಂದು ವಾರ್ಡಿನ ಹೆಸರಾಯಿತು. ಹತ್ತು ವರ್ಷ ಅದೂ ನಡೆಯಿತು. 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಮರುವರ್ಷ ಆಗಸ್ಟಿನಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ನಿಲ್ದಾಣದ ಕೆಳಗೆ ಆಟೋ ನಿಲ್ಲುವ ಜಾಗವೆಲ್ಲಿ, ಬೀದಿಬದಿಯ ವ್ಯಾಪಾರಿಗಳು ಎಲ್ಲಿಗೆ ಹೋಗಬೇಕು ಎಂಬ ಮಾತು ಆಡಬೇಕಾದ ಸಭೆ ಆಗ ಇರಲೇ ಇಲ್ಲ. ಸಾಮಾನಿನಲ್ಲಿ ಕೆಂಗೇರಿ ಗಳಿಸಿದ್ದು ನಿಜ. ಮಾತಿನಲ್ಲಿ ಕಳೆದುಕೊಂಡದ್ದೂ ಅಷ್ಟೇ ನಿಜ.

ಈಗ 2020ರಿಂದ ಈಚಿನ ಒಳ್ಳೆಯ ಕಾರಣಗಳನ್ನು ಒಂದೊಂದಾಗಿ ನೋಡಿ.

ಮೊದಲನೆಯದು ಜನಸಂಖ್ಯೆ. ನಗರ ಬೆಳೆದಿದೆ, 198 ವಾರ್ಡು ಸಾಲದು, ಹೆಚ್ಚು ಮಾಡಬೇಕು. ಇದು ನ್ಯಾಯವೇ. ಅವಧಿ ಮುಗಿಯುವ ಹೊತ್ತಿಗೆ ಪಾಲಿಕೆಯ ಮಾಜಿ ಸದಸ್ಯರು ಹೈಕೋರ್ಟಿಗೆ ಹೋದರು. 2020ರ ಡಿಸೆಂಬರ್ 4ರಂದು ಹೈಕೋರ್ಟ್, ಇರುವ 198 ವಾರ್ಡುಗಳಿಗೇ ಚುನಾವಣೆ ಮಾಡಿ ಎಂದಿತು. ಎರಡೇ ವಾರದಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಆಮೇಲೆ ಪಾಲಿಕೆಗೆಂದೇ ಬೇರೆ ಕಾಯಿದೆ ಬಂತು. 2022ರಲ್ಲಿ ವಾರ್ಡುಗಳು 243 ಆದವು. ಮುಂದೆ ಮೀಸಲಾತಿಯ ಪ್ರಶ್ನೆ ಎದ್ದಿತು. ಹಿಂದುಳಿದ ವರ್ಗಗಳಿಗೆ ಎಷ್ಟು ಸ್ಥಾನ ಎಂಬುದನ್ನು ಅಂದಾಜಿನ ಮೇಲೆ ಹೇಳುವಂತಿಲ್ಲ, ಅಂಕಿಅಂಶ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಭಕ್ತವತ್ಸಲ ಆಯೋಗ ರಚನೆಯಾಯಿತು. ಇದೂ ನ್ಯಾಯವೇ, ಮೀಸಲಾತಿ ತಪ್ಪಾದರೆ ಇಡೀ ಸಭೆಯೇ ತಪ್ಪಾಗುತ್ತದೆ. ಹಾಗೆ ಹೊರಬಂದ ಮೀಸಲಾತಿ ಪಟ್ಟಿ 2022ರ ಸೆಪ್ಟೆಂಬರಿನಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2023ರಲ್ಲಿ ಸರ್ಕಾರ ಬದಲಾಯಿತು, ವಾರ್ಡುಗಳು 225ಕ್ಕೆ ಇಳಿದವು. ಬಳಿಕ, ಇಷ್ಟು ದೊಡ್ಡ ನಗರವನ್ನು ಒಂದೇ ಪಾಲಿಕೆ ಆಳಲಾರದು, ಒಡೆಯಬೇಕು ಎಂಬ ವಾದ ಬಂತು. ಅದನ್ನು ಬಿ.ಎಸ್. ಪಾಟೀಲ್ ಸಮಿತಿ 2015ರಲ್ಲೇ ಹೇಳಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಂದು ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು, ವರ್ಷದ ಕೊನೆಗೆ ಐದೂ ಸೇರಿ ವಾರ್ಡುಗಳು 369 ಆದವು. ನಮ್ಮದು ಬೆಂಗಳೂರು ಪಶ್ಚಿಮ ನಗರ ಪಾಲಿಕೆ. ಅತಿ ಹೆಚ್ಚು ವಾರ್ಡು ಇರುವುದು ಇಲ್ಲೇ, 112.

ನೂರತೊಂಬತ್ತೆಂಟು, ಇನ್ನೂರನಲವತ್ತಮೂರು, ಇನ್ನೂರಇಪ್ಪತ್ತೈದು, ಮುನ್ನೂರಅರವತ್ತೊಂಬತ್ತು. ಐದು ವರ್ಷ ಹೀಗೆ ಕುರ್ಚಿಗಳ ಲೆಕ್ಕ ನಡೆಯಿತು, ಕೂರುವವರ ಲೆಕ್ಕ ಸೊನ್ನೆಯಲ್ಲೇ ಇತ್ತು. ಮನೆ ರಿಪೇರಿ ಚೆನ್ನಾಗಿ ಆಗಲಿ ಅಂತ ಮನೆಯವರನ್ನೇ ಐದು ವರ್ಷ ಬೀದಿಯಲ್ಲಿ ನಿಲ್ಲಿಸಿದ ಹಾಗೆ. ಇದರಲ್ಲಿ ಒಂದೇ ಪಕ್ಷದ ಕಡೆ ಬೆರಳು ತೋರಿಸುವವರಿದ್ದರೆ ನಾನು ಒಪ್ಪುವುದಿಲ್ಲ. 2006ರಿಂದ 2010ರ ವಿಳಂಬದಲ್ಲಿ ಸಮ್ಮಿಶ್ರ ಸರ್ಕಾರ, ರಾಷ್ಟ್ರಪತಿ ಆಳ್ವಿಕೆ, ಬಿಜೆಪಿ ಸರ್ಕಾರ ಎಲ್ಲಕ್ಕೂ ಪಾಲಿದೆ. 2015ರಲ್ಲಿ ಕಾಂಗ್ರೆಸ್ ಸರ್ಕಾರವಿದ್ದಾಗ ಚುನಾವಣೆ ನಡೆದದ್ದು ಕೋರ್ಟಿನ ಒತ್ತಡದಿಂದಲೇ. 2020ರ ನಂತರ ಮೊದಲ ಅರ್ಧ ಬಿಜೆಪಿಯದು, ಆಮೇಲಿನದು ಕಾಂಗ್ರೆಸ್ಸಿನದು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಚುನಾವಣೆ ಬೇಕೆಂದರು.

ಸಂವಿಧಾನ ಈ ವಿಷಯದಲ್ಲಿ ಮೌನವಾಗಿಲ್ಲ ಎಂಬುದನ್ನು ಕೇಳುಗರು ಗಮನಿಸಬೇಕು. 1993ರ ಜೂನ್ ಒಂದರಂದು ಜಾರಿಗೆ ಬಂದ 74ನೆಯ ತಿದ್ದುಪಡಿ, ನಗರ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೇ ಮುಂದಿನ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಅಹಮದಾಬಾದಿನ ಪ್ರಕರಣವೊಂದರಲ್ಲಿ ಅದನ್ನೇ ಒತ್ತಿ ಹೇಳಿತು. ಕ್ಷೇತ್ರ ವಿಂಗಡಣೆ ಮುಗಿದಿಲ್ಲ ಎಂಬುದು ಚುನಾವಣೆ ತಡೆಯಲು ನೆಪವಾಗಬಾರದು ಎಂದು 2022ರ ಮೇನಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಮತ್ತೆ ಹೇಳಿತು. ಇಷ್ಟೆಲ್ಲ ಇದ್ದೂ, ಆ ತಿದ್ದುಪಡಿಯ ನಂತರ 2025 ಮುಗಿಯುವವರೆಗೆ ಬೆಂಗಳೂರಿಗೆ ಸಿಕ್ಕ ಪಾಲಿಕೆ ಚುನಾವಣೆಗಳು ನಾಲ್ಕು: 1996, 2001, 2010, 2015. 1996ರಿಂದ ಈಚೆಗೆ ಲೋಕಸಭೆಗೆ ಎಂಟು ಸಲ ಮತ ಹಾಕಿದ್ದೇವೆ. ಕಾನೂನು ಹೇಳಿದ್ದನ್ನು ಮೀರಿದವರಿಗೆ ಶಿಕ್ಷೆಯಿಲ್ಲ. ಕೋರ್ಟಿನಲ್ಲಿ ಮೊಕದ್ದಮೆ ಇದ್ದಷ್ಟು ದಿನ ಅಧಿಕಾರಿಯ ಕುರ್ಚಿ ಭದ್ರ. ಬೊಮ್ಮಾಯಿ ತೀರ್ಪಿಗಿದ್ದ ಹಲ್ಲು ಈ ಕಲಮಿಗೆ ಮೂಡಲಿಲ್ಲ.

ಹಳ್ಳಿಗಳ ಕಡೆಯವರು ಇದು ಬೆಂಗಳೂರಿನವರ ಗೋಳು ಎಂದು ರೇಡಿಯೋ ಆರಿಸಬೇಡಿ. ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟ ಸಚಿವ ಅಬ್ದುಲ್ ನಜೀರ್ ಸಾಬರ ನಾಡು ನಮ್ಮದು. 1983ರ ಪಂಚಾಯಿತಿ ಕಾಯಿದೆಯನ್ನು, 1987ರ ಜಿಲ್ಲಾ ಪರಿಷತ್ ಚುನಾವಣೆಯನ್ನು ದೇಶವೇ ತಿರುಗಿ ನೋಡಿತ್ತು. ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. 2025 ಮುಗಿದರೂ ಹೊಸ ಸದಸ್ಯರಿಲ್ಲ. ಅಲ್ಲೂ ಕ್ಷೇತ್ರ ವಿಂಗಡಣೆ, ಅಲ್ಲೂ ಮೀಸಲಾತಿ.

ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಗಿನ ಹೊತ್ತು ಸಿಗುವ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ನಡಿಗೆ ನಿಲ್ಲಿಸಲೇ ಇಲ್ಲ.

"ಸ್ವಾಮಿ, ಕಾರ್ಪೊರೇಟರ್ ಇಲ್ದಿದ್ರೆ ಏನು ನಷ್ಟ ಆಯ್ತು ಹೇಳಿ. ಅವರಿದ್ದಾಗ ಏನು ಉದ್ಧಾರ ಆಗಿತ್ತು? ಈಗ ಆ್ಯಪಲ್ಲಿ ಕಂಪ್ಲೇಂಟ್ ಹಾಕ್ತೀನಿ. ಆಗದಿದ್ರೆ ಎಂಎಲ್ಎ ಆಫೀಸಿಗೆ ಫೋನ್. ನೆಮ್ಮದಿಯಾಗಿದೀವಿ."

ಇವರ ಮಾತಿಗೆ ಉತ್ತರ ಕೊಡದೆ ಮುಂದೆ ಹೋದರೆ ನನ್ನ ಭಾಷಣ ಬರೀ ಉಪದೇಶವಾಗುತ್ತದೆ. ಅವರು ಹೇಳಿದ್ದರಲ್ಲಿ ಸತ್ಯವಿದೆ. ಕಾಮಗಾರಿ ಬಿಲ್ಲು, ಕಂಟ್ರ್ಯಾಕ್ಟರು, ಕಮಿಷನ್ನು ಎಂಬ ಮಾತು ಬೆಂಗಳೂರಿನಲ್ಲಿ ಕಾರ್ಪೊರೇಟರನ ನೆರಳಿನ ಹಾಗೆ ಇತ್ತು. ಮೇಯರ್ ಅವಧಿ ಒಂದೇ ವರ್ಷದ್ದಾಗಿತ್ತು. ಕಡತಗಳ ಹೆಸರು ಕಲಿಯುವುದರೊಳಗೆ ಸನ್ಮಾನ, ಬೀಳ್ಕೊಡುಗೆ. 2015ರಲ್ಲಿ 198 ಸ್ಥಾನಗಳಲ್ಲಿ ನೂರನ್ನು ಗೆದ್ದ ಬಿಜೆಪಿಗೆ ಆಗ ಮೇಯರ್ ಸ್ಥಾನ ಸಿಗಲಿಲ್ಲ. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮೇಯರ್ ಚುನಾವಣೆಯಲ್ಲಿ ಮತವಿದ್ದದ್ದರಿಂದ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಅದನ್ನು ಪಡೆದವು. ನಿಯಮಕ್ಕೆ ವಿರುದ್ಧವೇನಲ್ಲ, ಆದರೆ ವಾರ್ಡಿನಲ್ಲಿ ಮತ ಹಾಕಿದವನಿಗೆ ತನ್ನ ಮತ ಎಲ್ಲಿ ಹೋಯಿತು ಎಂದು ತಲೆ ಕೆರೆದುಕೊಳ್ಳುವಂತಾಯಿತು. ಅವನು ತಾನೇ ಎಷ್ಟು ಆಸಕ್ತ? 2010ರಲ್ಲೂ 2015ರಲ್ಲೂ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ಕಡಿಮೆ.

ಹಾಗಿದ್ದರೆ ನಷ್ಟವೇನು? ಮೊದಲು ಹಣದ ವಿಷಯ. ಪಾಲಿಕೆಯ ವಾರ್ಷಿಕ ಬಜೆಟ್ಟು ಸಾವಿರಾರು ಕೋಟಿಯದು. ಅದು ಸಭೆಯ ಮುಂದೆ ಬಂದರೆ, ವಿರೋಧ ಪಕ್ಷದವರು ಕೂಗಾಡುತ್ತಾರೆ, ಕಾಗದ ಹರಿದು ತೂರುತ್ತಾರೆ, ನಮಗೆ ನಗು ಬರುತ್ತದೆ. ಆ ಗದ್ದಲದಲ್ಲೇ ಯಾವ ವಾರ್ಡಿಗೆ ಎಷ್ಟು, ಯಾಕೆ ಎಂಬುದು ಮರುದಿನದ ಪತ್ರಿಕೆಗೆ ಬರುತ್ತದೆ. 2022ರಲ್ಲಿ ಪಾಲಿಕೆಯ ಬಜೆಟ್ಟು ಮಾರ್ಚ್ 31ರ ತಡರಾತ್ರಿ ಸದ್ದಿಲ್ಲದೆ ಪ್ರಕಟವಾಯಿತು. ಕೂಗಾಡುವವರು ಯಾರೂ ಇರಲಿಲ್ಲ. ನನಗೇನೋ ಕಾಗದ ಹರಿಯುವ ಗದ್ದಲವೇ ಮೇಲು ಅನ್ನಿಸುತ್ತದೆ.

ಇನ್ನು ಎಂಎಲ್ಎ ಆಫೀಸು. ಅಲ್ಲಿಗೆ ಫೋನ್ ಮಾಡಿದರೆ ಕೆಲಸವಾಗುತ್ತದೆ, ಒಪ್ಪಿದೆ. ಶಾಸಕರ ಕೆಲಸ ಕಾನೂನು ಮಾಡುವುದು. ಅವರನ್ನು ನಾವು ಬೀದಿದೀಪಕ್ಕೆ ಹಚ್ಚಿದ್ದೇವೆ. ಅವರಿಗೂ ಇದು ಬೇಡವಾಗಿಲ್ಲ. ವಾರ್ಡಿನಲ್ಲಿ ಇನ್ನೊಬ್ಬ ಚುನಾಯಿತ ಮನುಷ್ಯ ಬೆಳೆದರೆ ನಾಳೆ ಅವನೇ ಟಿಕೆಟ್ಟಿಗೆ ಪೈಪೋಟಿ. ನಮ್ಮ ಕಡೆಯೇ ನೋಡಿ: ರಾಜಾಜಿನಗರದ ಶಾಸಕ ಎಸ್. ಸುರೇಶ್ ಕುಮಾರ್, ಗೋವಿಂದರಾಜನಗರದಿಂದ ಗೆದ್ದಿದ್ದ, ಈಗ ಕೇಂದ್ರ ಸಚಿವರಾಗಿರುವ ವಿ. ಸೋಮಣ್ಣ, ಇಬ್ಬರೂ 1980ರ ದಶಕದಲ್ಲಿ ಪಾಲಿಕೆ ಸದಸ್ಯರಾಗಿ ಮೆಟ್ಟಿಲು ಹತ್ತಿದವರು. ರಾಜಾಜಿನಗರಕ್ಕೆ ಹೆಸರು ಕೊಟ್ಟ ಚಕ್ರವರ್ತಿ ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗುವ ಮೂವತ್ತು ವರ್ಷ ಮೊದಲು, 1917ರಿಂದ 1919ರವರೆಗೆ, ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಪಟೇಲರು ಅಹಮದಾಬಾದಿನಲ್ಲಿ, ನೆಹರೂ ಅಲಹಾಬಾದಿನಲ್ಲಿ, ಸುಭಾಷರು ಕಲ್ಕತ್ತೆಯಲ್ಲಿ ಊರಿನ ನಲ್ಲಿ, ಮೋರಿ, ತೆರಿಗೆಯ ನಡುವೆ ಆಡಳಿತ ಕಲಿತರು. ಆ ಶಾಲೆ ಐದು ವರ್ಷ ಮುಚ್ಚಿದರೆ ಒಂದು ತಲೆಮಾರಿನ ರಾಜಕಾರಣಿಗಳು ಹುಟ್ಟುವುದೇ ಇಲ್ಲ. ದುಡ್ಡಿದ್ದವರು, ದೊಡ್ಡವರ ಮಕ್ಕಳು ನೇರ ಮೇಲಿನ ತರಗತಿಗೆ ಸೇರಿಕೊಳ್ಳುತ್ತಾರೆ.

ಹೆಣ್ಣುಮಕ್ಕಳಿಗೆ ಆದ ನಷ್ಟ ಎಲ್ಲಕ್ಕಿಂತ ದೊಡ್ಡದು, ಅದರ ಬಗ್ಗೆ ಮಾತೇ ಕಡಿಮೆ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಎಂದು ಕರ್ನಾಟಕ ಕಾನೂನು ಮಾಡಿತು. 2015ರ ಪಾಲಿಕೆ ಸಭೆ ಆ ಲೆಕ್ಕದಲ್ಲೇ ಕೂಡಿತು. 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಮಹಿಳೆಯರು ಹತ್ತು ಮಂದಿ. ಗಂಡನೇ ನಡೆಸುತ್ತಿದ್ದ, ಹೆಂಡತಿ ಸಹಿ ಮಾಡುತ್ತಿದ್ದಳು ಎಂದು ನೀವು ಹೇಳಬಹುದು. ಕೆಲವೆಡೆ ಹಾಗಿತ್ತು. ಎರಡನೆಯ ವರ್ಷಕ್ಕೆ ಮೈಕು ತಾನೇ ಹಿಡಿದು ಎಂಜಿನಿಯರನ್ನು ನಿಲ್ಲಿಸಿ ಕೇಳಿದವರೂ ಇದ್ದರು. ಪಾಲಿಕೆಯ ಬಾಗಿಲು ಮುಚ್ಚಿದಾಗ ಹೊರಗುಳಿದವರಲ್ಲಿ ಅರ್ಧಕ್ಕರ್ಧ ಅವರೇ.

ಈ ಕಾಯಿಲೆ ನಮ್ಮದೊಂದೇ ಅಲ್ಲ. ಮದ್ರಾಸಿನ ಪಾಲಿಕೆಯನ್ನು 1973ರಲ್ಲಿ ರದ್ದು ಮಾಡಿದರು. ಮತ್ತೆ ಚುನಾವಣೆ ನಡೆದದ್ದು 1996ರಲ್ಲಿ. ದೇಶದ ಅತಿ ಹಳೆಯ ಪಾಲಿಕೆ ಇಪ್ಪತ್ತಮೂರು ವರ್ಷ ಅಧಿಕಾರಿಗಳ ಕೈಯಲ್ಲಿತ್ತು. ಮುಂಬಯಿಯ ಪಾಲಿಕೆ 2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಖಾಲಿಯಿತ್ತು. ಪ್ರಜಾಪ್ರಭುತ್ವದ ತವರು ಎನಿಸಿಕೊಂಡ ಲಂಡನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ತನಗೆ ಆಗದವರ ಕೈಯಲ್ಲಿದ್ದ ನಗರ ಮಂಡಳಿಯನ್ನು 1986ರಲ್ಲಿ ರದ್ದು ಮಾಡಿತು. ಇಡೀ ನಗರಕ್ಕೆ ಒಂದು ಚುನಾಯಿತ ಆಡಳಿತ ಮತ್ತೆ ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು.

ಟರ್ಕಿಯಲ್ಲಿ ನಮ್ಮ ಆಡಳಿತಾಧಿಕಾರಿಯ ಹಾಗೆಯೇ ಒಬ್ಬ ಧರ್ಮದರ್ಶಿಯನ್ನು ಕೂರಿಸುತ್ತಾರೆ. ವ್ಯತ್ಯಾಸವೇನೆಂದರೆ ಅಲ್ಲಿ ಅವಧಿ ಮುಗಿಯುವವರೆಗೂ ಕಾಯುವುದಿಲ್ಲ. 2019ರಲ್ಲಿ ಕುರ್ದಿಷ್ ಪ್ರದೇಶದ ದಿಯಾರ್‌ಬಕಿರ್, ಮಾರ್ದಿನ್, ವಾನ್ ನಗರಗಳ ಮೇಯರುಗಳು ಗೆದ್ದು ಐದೇ ತಿಂಗಳಿಗೆ ಕೆಳಗಿಳಿದರು, ಸರ್ಕಾರ ನೇಮಿಸಿದ ರಾಜ್ಯಪಾಲರುಗಳೇ ಆ ಕುರ್ಚಿಗೆ ಬಂದರು. ಅದೇ ವರ್ಷ ಇಸ್ತಾಂಬುಲಿನಲ್ಲಿ ಎಕ್ರಂ ಇಮಾಮೊಗ್ಲು ಸುಮಾರು ಹದಿಮೂರು ಸಾವಿರ ಮತಗಳಿಂದ ಗೆದ್ದರು, ಚುನಾವಣೆ ರದ್ದಾಯಿತು. ಜೂನಿನಲ್ಲಿ ಮರುಚುನಾವಣೆ ಮಾಡಿದರೆ ಅಂತರ ಎಂಟು ಲಕ್ಷ ಮುಟ್ಟಿತು. 2025ರ ಮಾರ್ಚಿನಲ್ಲಿ ಅವರ ಬಂಧನವಾಯಿತು. ಮೇಯರ್ ಎಂಬ ಪ್ರಾಣಿ ಬೆಳೆದರೆ ಮೇಲಿನವರಿಗೆ ಎಷ್ಟು ಭಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾವು ಅಷ್ಟು ದೂರ ಹೋಗಿಲ್ಲ, ಮೇಯರನ್ನು ಬೆಳೆಯಲು ಬಿಟ್ಟೇ ಇಲ್ಲವಲ್ಲ!

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಪಾಕಿಸ್ತಾನ. ಅಲ್ಲಿ ಊರು ಕೇರಿಯ ಚುನಾವಣೆಗಳನ್ನು ಆಸಕ್ತಿಯಿಂದ ನಡೆಸಿದವರು ಸೇನಾಧಿಕಾರಿಗಳು. 1959ರಲ್ಲಿ ಅಯೂಬ್ ಖಾನ್ ಕೆಳಹಂತದ ಎಂಬತ್ತು ಸಾವಿರ ಪ್ರತಿನಿಧಿಗಳ ವ್ಯವಸ್ಥೆ ತಂದರು. ಜಿಯಾ ತಮ್ಮ ಕಾಲದಲ್ಲಿ ಮತ್ತೆ ಮಾಡಿದರು, 2001ರಲ್ಲಿ ಮುಷರಫ್ ಮತ್ತೊಮ್ಮೆ. ಮೇಲಿನ ಸಂಸತ್ತನ್ನು ಮುಚ್ಚಿದವರಿಗೆ ಕೆಳಗಿನ ಮತ ಬೇಕಿತ್ತು, ತಮಗೂ ಜನರ ಬೆಂಬಲವಿದೆ ಎಂದು ತೋರಿಸಿಕೊಳ್ಳಲು. ಆಮೇಲೆ ನಿಜವಾಗಿ ಚುನಾಯಿತರಾದ ಸರ್ಕಾರಗಳು ಬಂದಾಗ ಅವು ಈ ಸಂಸ್ಥೆಗಳನ್ನು ಬಾಡಲು ಬಿಟ್ಟವು. ಅಲ್ಲೂ ಸುಪ್ರೀಂ ಕೋರ್ಟ್ ಗದರಬೇಕಾಯಿತು. ಅಂದರೆ ಪ್ರಜಾಪ್ರಭುತ್ವ ಸೊರಗಲು ಹೊರಗಿನಿಂದ ಸರ್ವಾಧಿಕಾರಿಯೇ ಬರಬೇಕಾಗಿಲ್ಲ. ಮತದಿಂದ ಗೆದ್ದು ಬಂದವರಿಗೆ ತಮಗಿಂತ ಕೆಳಗೆ ಇನ್ನೊಬ್ಬರು ಮತದಿಂದ ಗೆಲ್ಲುವುದು ಸಹಿಸದು.

ನೇಪಾಳದ್ದು ಬೆಂಗಳೂರಿಗೆ ತೀರ ಹತ್ತಿರದ ಕಥೆ. ಅಲ್ಲಿ ಸ್ಥಳೀಯ ಸಂಸ್ಥೆಗಳ ಅವಧಿ 2002ರ ಜುಲೈನಲ್ಲಿ ಮುಗಿಯಿತು. ಮಾವೋವಾದಿ ಯುದ್ಧವಿತ್ತು, ಒಪ್ಪತಕ್ಕ ಕಾರಣ. ಯುದ್ಧ ಮುಗಿಯಿತು, ರಾಜ ಹೋದ, ಸಂವಿಧಾನ ಬರಲಿ ಆಮೇಲೆ ಎಂದರು, ಅದೂ ಒಪ್ಪತಕ್ಕದ್ದೇ. ನಡುವೆ ಊರಿನ ಹಣವನ್ನು ಖರ್ಚು ಮಾಡಲು ಅಧಿಕಾರಿಗಳ ಜೊತೆ ಎಲ್ಲ ಪಕ್ಷಗಳ ಮುಖಂಡರನ್ನು ಕೂರಿಸಿದ ಏರ್ಪಾಡೊಂದು ಇತ್ತು. ಎಲ್ಲರೂ ಒಳಗೇ ಇದ್ದಮೇಲೆ ವಿರೋಧಿಸುವವರು ಯಾರು? ಭ್ರಷ್ಟಾಚಾರದ ದೂರುಗಳು ಹೆಚ್ಚಾಗಿ 2012ರಲ್ಲಿ ಅದನ್ನೂ ರದ್ದು ಮಾಡಿದರು. ಹದಿನೈದು ವರ್ಷದ ಮೇಲೆ, 2017ರಲ್ಲಿ, 753 ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಎರಡು ಸ್ಥಾನಗಳಿಗೆ ಒಂದು ಪಕ್ಷ ನಿಲ್ಲಿಸುವವರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು ಎಂಬ ನಿಯಮವಿತ್ತು. ಒಟ್ಟು ಗೆದ್ದವರಲ್ಲಿ ನೂರಕ್ಕೆ ನಲವತ್ತರಷ್ಟು ಹೆಣ್ಣುಮಕ್ಕಳು. ಅದರ ಮುಂದಿನ, 2022ರ ಚುನಾವಣೆಯಲ್ಲಿ ಆಗ ಯಾವ ಪಕ್ಷಕ್ಕೂ ಸೇರದಿದ್ದ, ಎಂಜಿನಿಯರೂ ರ‍್ಯಾಪ್ ಹಾಡುಗಾರನೂ ಆದ ಬಾಲೇನ್ ಶಾ ಕಾಠ್ಮಂಡುವಿನ ಮೇಯರ್ ಆದರು. ಅಂಥವರು ಒಳ್ಳೆಯವರೋ ಕೆಟ್ಟವರೋ ಎಂಬುದು ಬೇರೆ ಚರ್ಚೆ. ಪಕ್ಷದ ಕಚೇರಿಯ ಮೆಟ್ಟಿಲು ಹತ್ತದವರೂ ಬರಬಹುದಾದ ಬಾಗಿಲು ಇದೊಂದೇ.

ನಮ್ಮ ಪಶ್ಚಿಮ ಪಾಲಿಕೆಗೆ ಮರಳಿ ಬರೋಣ. 2026ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಐದೂ ಪಾಲಿಕೆಗಳ ಚುನಾವಣೆ ಜೂನ್ 30ರೊಳಗೆ ಮುಗಿಯಬೇಕೆಂದಿತು. ಚುನಾವಣೆ ಆಗಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಾನು ನಂಬಿಲ್ಲ. ಐದು ಪಾಲಿಕೆಗಳ ಮೇಲೆ ಕೂರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ನೀರು, ಮೆಟ್ರೊ, ಬಸ್ಸು, ಬಿಡಿಎ ಎಲ್ಲವನ್ನೂ ಒಂದು ಕಡೆ ತರಲು ಅದು ಬೇಕು ಎಂಬ ವಾದದಲ್ಲಿ ಹುರುಳಿದೆ. ಮಲ್ಲೇಶ್ವರದ ಕಡೆಯಿಂದ ಹೊರಟು ರಾಜಾಜಿನಗರದ ಅಂಚು ಹಿಡಿದು ಮೈಸೂರು ರಸ್ತೆಗುಂಟ ಕೆಂಗೇರಿಯತ್ತ ಹರಿಯುವ ವೃಷಭಾವತಿಯನ್ನು ಒಂದು ವಾರ್ಡು ಶುದ್ಧ ಮಾಡಲಾಗದು. ಆದರೆ ಮುಖ್ಯಮಂತ್ರಿ ತಲೆಯ ಮೇಲೆ ಕೂತಿರುವಾಗ ಐವರು ಮೇಯರುಗಳಲ್ಲಿ ಯಾರ ದನಿ ಎಷ್ಟು ಏಳುತ್ತದೆ? 74ನೆಯ ತಿದ್ದುಪಡಿ ಕೊಡಲು ಹೇಳಿದ್ದನ್ನು ಕೊಟ್ಟ ಹಾಗೂ ಆಯಿತು, ಹಗ್ಗದ ಇನ್ನೊಂದು ತುದಿ ವಿಧಾನಸೌಧದಲ್ಲೇ ಉಳಿದ ಹಾಗೂ ಆಯಿತು.

ಹಾಗಾಗಿ ನನ್ನ ಕಣ್ಣು ಮೇಯರಿಗಿಂತ ವಾರ್ಡ್ ಸಮಿತಿಯ ಮೇಲಿದೆ. ಅದರಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘದವರು ಇರಬೇಕು, ತಿಂಗಳಿಗೊಮ್ಮೆ ಸೇರಬೇಕು. ಈ ಸಮಿತಿಗಳು ಜೀವ ಪಡೆದದ್ದೂ ಸರ್ಕಾರದ ಉತ್ಸಾಹದಿಂದಲ್ಲ, ಕಸದ ಪ್ರಕರಣದಲ್ಲಿ ಹೈಕೋರ್ಟ್ ಬೆನ್ನು ಹತ್ತಿದ್ದರಿಂದ. 2020ರ ನಂತರ ನೋಡಲ್ ಅಧಿಕಾರಿಗಳು ಅವನ್ನು ನಡೆಸಿದರು. ಕೆಲವು ವಾರ್ಡುಗಳಲ್ಲಿ ಸಭೆ ಸರಿಯಾಗಿ ಸೇರಿತು, ಹಲವು ಕಡೆ ಪುಸ್ತಕದಲ್ಲಿ ಸಹಿ ಬಿತ್ತು. ಅಂಥ ಒಂದು ಸಭೆಯಲ್ಲಿ ನಾನು ಕೂತಿದ್ದೆ. ಶಾಲೆಯ ಮುಂದಿನ ರಸ್ತೆಗೆ ಹಂಪ್ ಬೇಕೆಂದು ಒಬ್ಬ ತಾಯಿ ಕೇಳಿದರು. ಎದುರುಮನೆಯವರು, ಹಂಪ್ ಹಾಕಿದರೆ ರಾತ್ರಿಯೆಲ್ಲ ಲಾರಿ ಸದ್ದು, ಬೇಡ ಎಂದರು. ಅಧಿಕಾರಿ ಇಬ್ಬರ ಮಾತನ್ನೂ ಬರೆದುಕೊಂಡು, "ಮೇಲಕ್ಕೆ ಕಳಿಸ್ತೀನಿ" ಎಂದರು. ಒಳ್ಳೆಯ ಅಧಿಕಾರಿಯೇ. ಆದರೆ ತೀರ್ಮಾನ ಮಾಡಿ, ಒಬ್ಬರ ಸಿಟ್ಟನ್ನು ಮೈಮೇಲೆ ಹಾಕಿಕೊಂಡು, ಮತ್ತೆ ಐದು ವರ್ಷಕ್ಕೆ ಆ ಇಬ್ಬರ ಮನೆ ಮುಂದೆಯೂ ಕೈಮುಗಿದು ನಿಲ್ಲುವ ಕಷ್ಟ ಅವರಿಗಿರಲಿಲ್ಲ.

ಚುನಾವಣೆ ಬಂದಾಗ ಆ ಕಷ್ಟ ಬೇಕೆಂದು 112 ವಾರ್ಡುಗಳಲ್ಲಿ ನೂರಾರು ಮಂದಿ ನಿಮ್ಮ ಮನೆಯ ಗೇಟಿಗೆ ಬರುತ್ತಾರೆ. ಕರಪತ್ರ ಇಸಿದುಕೊಳ್ಳಿ. ಯಾವ ಪಕ್ಷ ಎಂಬುದು ಅವರ ಹೆಗಲ ಮೇಲೆಯೇ ಕಾಣುತ್ತದೆ. ವಾರ್ಡ್ ಸಮಿತಿಯ ಸಭೆ ತಿಂಗಳ ಯಾವ ದಿನ, ಎಲ್ಲಿ ಸೇರಿಸುತ್ತೀರಿ, ಅದರ ನಡಾವಳಿಯನ್ನು ಎಲ್ಲಿ ಅಂಟಿಸುತ್ತೀರಿ ಎಂದು ಗೇಟಿನಲ್ಲೇ ನಿಲ್ಲಿಸಿ ಕೇಳಿ ನೋಡಿ.